ಎಲ್‌ಡಿಎಚ್ 612 ಬಂದಿದೆ, ಅಪ್ಪಾಜಿಗೆ ಇನ್ನೆಷ್ಟು ದಿನ?

ಪ್ರಶ್ನೆ: ನಾವು ಚನ್ನಗಿರಿ ತಾಲ್ಲೂಕಿನವರು. ಅಪ್ಪಾಜಿಗೆ 64 ವರ್ಷ, ಅಡಿಕೆ ತೋಟ ಅವರೇ ನೋಡಿಕೊಳ್ಳುತ್ತಾರೆ. ಕೆಲ ತಿಂಗಳ ಹಿಂದೆ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಊರಿನ ಕ್ಲಿನಿಕ್ಕಿನಲ್ಲಿ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಕೊಟ್ಟರು. ಗಂಟು ಇಳಿದ ಹಾಗಾಗಿ ಮತ್ತೆ ಬಂತು. ದಾವಣಗೆರೆಯಲ್ಲಿ ಬಯಾಪ್ಸಿ ಮಾಡಿಸಿದಾಗ ‘ಡಿಫ್ಯೂಸ್ ಲಾರ್ಜ್ ಬಿ ಸೆಲ್ ಲಿಂಫೋಮಾ’, ಅಂದರೆ ದುಗ್ಧಗ್ರಂಥಿಗಳ ಒಂದು ಕ್ಯಾನ್ಸರ್, ಎಂದು ಬಂತು. ಬೆಂಗಳೂರಿನ ಪೆಟ್ ಸ್ಕ್ಯಾನ್ ಪ್ರಕಾರ ಕುತ್ತಿಗೆ, ಎದೆ, ಹೊಟ್ಟೆಯ ಗ್ರಂಥಿಗಳಲ್ಲಿ ಇದೆ, ಸ್ಟೇಜ್ 3. ಬೇರೆ ಅಂಗಕ್ಕೆ ಹೋಗಿಲ್ಲವಂತೆ. ಅವರಿಗೆ ಸುಸ್ತು ಇದೆ, ಆದರೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಾರೆ, ತೋಟಕ್ಕೂ ಹೋಗಿಬರುತ್ತಾರೆ. ಮಾತ್ರೆ ನುಂಗುತ್ತಿದ್ದಾಗ ಚನ್ನಗಿರಿಯಲ್ಲಿ ರಕ್ತ ಕೊಟ್ಟಿದ್ದೆವು. ಅದರಲ್ಲಿ ಎಲ್‌ಡಿಎಚ್ 612. ಬೆಂಗಳೂರಿನ ರಿಪೋರ್ಟಿನಲ್ಲಿ 388. ನೆಟ್‌ನಲ್ಲಿ ಓದಿ ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಎಂಬವುಗಳ ಸಂಖ್ಯೆಯನ್ನು ಲಿಂಫೋಸೈಟ್ ಎಂಬವುಗಳ ಸಂಖ್ಯೆಯಿಂದ ಭಾಗಿಸಿದೆ, 9 ಬಂತು. ಅಷ್ಟು ಇರುವವರು ಹೆಚ್ಚು ದಿನ ಉಳಿಯುವುದಿಲ್ಲ ಎಂದು ಬರೆದಿತ್ತು. ಅಲ್ಬುಮಿನ್ (ರಕ್ತದ ಪ್ರೋಟೀನ್) 3.1, ಹಿಮೋಗ್ಲೋಬಿನ್ 10.4. ‘ರಿಪೋರ್ಟೇ ಇಷ್ಟು ಕೆಟ್ಟದಾಗಿರುವಾಗ ಕೀಮೊ ಕೊಡಿಸಿ ಹಿಂಸೆ ಯಾಕೆ, ತೋಟ ಅಡ ಇಟ್ಟು ಸಾಲ ಯಾಕೆ’ ಎಂದು ಅಣ್ಣ ಕೇಳುತ್ತಾನೆ. ನೆಂಟರು ಅಮೃತಬಳ್ಳಿ ಕಷಾಯ, ಬೀಟ್‌ರೂಟ್ ರಸ ಎನ್ನುತ್ತಾರೆ. ಲ್ಯಾಬಿನವರು ಕ್ಯಾನ್ಸರ್ ಮಾರ್ಕರ್ ಪ್ಯಾಕೇಜ್ ಮಾಡಿಸಿ ಅಂತಾರೆ. ಡಾಕ್ಟ್ರೇ, ರಕ್ತದ ಈ ಲೆಕ್ಕವನ್ನು ನಂಬಬಹುದಾ? ಅಪ್ಪಾಜಿಗೆ ಇನ್ನೆಷ್ಟು ದಿನ?

ಉತ್ತರ: ನೋಡಮ್ಮ, ನಿಮ್ಮ ಪತ್ರದಲ್ಲಿ ಎರಡು ಭಯಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಅಪ್ಪಾಜಿ ಉಳಿಯುತ್ತಾರೋ ಇಲ್ಲವೋ ಎಂಬುದು ಒಂದು. ಉಳಿಯುವುದಿಲ್ಲ ಎಂದು ರಕ್ತವೇ ಹೇಳಿಬಿಟ್ಟಿದೆ, ಇನ್ನು ಚಿಕಿತ್ಸೆ ಕೊಡಿಸುವುದೇ ತಪ್ಪೇನೋ ಎಂಬುದು ಇನ್ನೊಂದು. ಎರಡನೆಯದಕ್ಕೆ ಈಗಲೇ ಉತ್ತರ ಹೇಳುತ್ತೇನೆ, ಏಕೆಂದರೆ ಅದು ಮನೆಯಲ್ಲಿ ದಿನಗಳನ್ನು ತಿನ್ನುತ್ತಿದೆ. ನೀವು ಬರೆದಿರುವ ಸಂಖ್ಯೆಗಳಲ್ಲಿ ಒಂದಾದರೂ ‘ಚಿಕಿತ್ಸೆ ಬೇಡ’ ಎಂದು ಹೇಳುವುದಿಲ್ಲ. ನಿಮ್ಮ ತಂದೆಯವರಿಗೆ ಬಂದಿರುವುದು ವೇಗವಾಗಿ ಬೆಳೆಯುವ ಕಾಯಿಲೆ, ಹಾಗೆಯೇ ಪೂರ್ತಿ ಗುಣವಾಗಬಲ್ಲ ಕಾಯಿಲೆ. ಎರಡೂ ಮಾತು ಏಕಕಾಲಕ್ಕೆ ನಿಜ. ಸ್ಟೇಜ್ 3 ಎಂದ ಕೂಡಲೇ ಆಸೆ ಬಿಡುವುದು ಬೇರೆ ಗಡ್ಡೆ ಕ್ಯಾನ್ಸರ್‌ಗಳ ಅನುಭವದಿಂದ ನಮ್ಮ ಜನಕ್ಕೆ ಬಂದ ಅಭ್ಯಾಸ. ಲಿಂಫೋಮಾದಲ್ಲಿ ಸ್ಟೇಜ್ 3 ಎಂದರೆ ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಪರದೆ) ಮೇಲೂ ಕೆಳಗೂ ಇರುವ ಗ್ರಂಥಿಗಳಲ್ಲಿ ಕಾಯಿಲೆ ಇದೆ ಎಂದರ್ಥ, ಅಷ್ಟೇ. ಅಲ್ಲಿಂದಲೂ ಗುಣವಾಗಿ ಮನೆಗೆ ಹೋಗುವವರನ್ನು ನಾವು ನೋಡುತ್ತಲೇ ಇರುತ್ತೇವೆ.

ಈಗ ಸಂಖ್ಯೆಗಳಿಗೆ ಬರೋಣ. ಮೊದಲು ಎಲ್‌ಡಿಎಚ್, ಏಕೆಂದರೆ ನಿಮ್ಮ ನಿದ್ದೆ ಕೆಡಿಸಿರುವುದು ಅದೇ.

ಇದು ದೇಹದ ಹೆಚ್ಚುಕಡಿಮೆ ಎಲ್ಲಾ ಜೀವಕೋಶಗಳ ಒಳಗೂ ಇರುವ ಕಿಣ್ವ. ಜೀವಕೋಶಗಳು ಬೇಗ ಬೇಗ ಹುಟ್ಟಿ ಬೇಗ ಬೇಗ ಸಾಯುವಾಗ ಅದು ರಕ್ತಕ್ಕೆ ಸೋರುತ್ತದೆ. ಆದ್ದರಿಂದ ಲಿಂಫೋಮಾದಲ್ಲಿ ಎಲ್‌ಡಿಎಚ್ ಏರಿದ್ದರೆ ಕಾಯಿಲೆಯ ಭಾರ ಹೆಚ್ಚು, ವೇಗ ಹೆಚ್ಚು ಎಂದು ತಿಳಿಯುತ್ತೇವೆ. ಇಷ್ಟು ಸರಿ. ಆದರೆ ಇದು ಲಿಂಫೋಮಾಕ್ಕೆ ಮಾತ್ರ ಸೇರಿದ ವಸ್ತುವಲ್ಲ. ಮಲೇರಿಯಾ ಬಂದರೂ ಏರುತ್ತದೆ, ಯಕೃತ್ತಿಗೆ ಪೆಟ್ಟಾದರೂ ಏರುತ್ತದೆ, ಸ್ನಾಯುವಿಗೆ ಪೆಟ್ಟಾದರೂ ಏರುತ್ತದೆ. ಬಿ12 ಕೊರತೆಯ ರಕ್ತಹೀನತೆಯಲ್ಲಂತೂ ಸಾವಿರಗಟ್ಟಲೆ ಆಗುವುದುಂಟು. ಕೀಮೊ ಮಧ್ಯೆ ಬಿಳಿ ಕಣ ಹೆಚ್ಚಿಸಲು ಕೊಡುವ ಇಂಜೆಕ್ಷನ್‌ನಿಂದಲೂ ಏರುತ್ತದೆ. ಎಷ್ಟೋ ಮನೆಯವರು ಆ ಏರಿಕೆ ನೋಡಿ ಕಾಯಿಲೆ ಮರಳಿತು ಎಂದು ರಾತ್ರೋರಾತ್ರಿ ಓಡಿಬರುತ್ತಾರೆ.

ನೀವು ಕಳಿಸಿದ ಎರಡು ರಿಪೋರ್ಟುಗಳ ಬಲಗಡೆಯ ಕಾಲಂ ನೋಡಿ. ಮೊದಲ ಲ್ಯಾಬಿನಲ್ಲಿ ಸಹಜ ಮಿತಿ 480ರವರೆಗೆ ಎಂದಿದೆ. ಬೆಂಗಳೂರಿನ ಲ್ಯಾಬಿನಲ್ಲಿ 250ರವರೆಗೆ. ಎಲ್‌ಡಿಎಚ್ ಅಳೆಯಲು ಬೇರೆ ಬೇರೆ ವಿಧಾನಗಳಿವೆ, ಒಂದೊಂದರ ಮಿತಿಯೂ ಬೇರೆ. ಆದ್ದರಿಂದ 612 ಮತ್ತು 388 ಅನ್ನು ಪಕ್ಕಪಕ್ಕ ಇಟ್ಟು ಇಳಿದಿದೆ ಎನ್ನುವ ಹಾಗಿಲ್ಲ. ಮಿತಿಗಿಂತ ಎಷ್ಟು ಪಟ್ಟು ಎಂದು ನೋಡಬೇಕು. ಮೊದಲನೆಯದು ಸುಮಾರು 1.3 ಪಟ್ಟು, ಎರಡನೆಯದು ಸುಮಾರು 1.55 ಪಟ್ಟು. ಅಂದರೆ ನೀವು ಹೆದರಿದ 612ಕ್ಕಿಂತ ಸಮಾಧಾನಪಟ್ಟ 388ರಲ್ಲೇ ಏರಿಕೆ ತುಸು ಹೆಚ್ಚು! ಜೊತೆಗೆ ಮೊದಲ ರಿಪೋರ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಹೀಮೊಲೈಸ್ಡ್ ಸ್ಯಾಂಪಲ್’ ಎಂದಿದೆ. ರಕ್ತ ತೆಗೆಯುವಾಗಲೋ, ಬಿಸಿಲಲ್ಲಿ ಬಸ್ಸಿನಲ್ಲಿ ದಾವಣಗೆರೆಗೆ ಸಾಗಿಸುವಾಗಲೋ ಕೆಂಪು ಕಣಗಳು ಒಡೆದಿವೆ. ಒಡೆದ ಕಣಗಳ ಒಳಗಿನ ಎಲ್‌ಡಿಎಚ್ ಕೂಡ ಲೆಕ್ಕಕ್ಕೆ ಸೇರಿದೆ. ಆ ಸಂಖ್ಯೆಯನ್ನು ನಾನಾದರೆ ಬದಿಗಿಟ್ಟು ಮತ್ತೊಮ್ಮೆ ರಕ್ತ ಕಳಿಸುತ್ತಿದ್ದೆ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಭವಿಷ್ಯ ಅಂದಾಜಿಸಲು ನಾವು ಬಳಸುವ ಅಳತೆಗೋಲುಗಳಲ್ಲಿ ಈ 612, 388ರ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. 1993ರಲ್ಲಿ ಬಂದ ಐಪಿಐ ಎಂಬ ಅಳತೆಗೋಲು ಐದೇ ವಿಷಯ ಕೇಳುತ್ತದೆ: ವಯಸ್ಸು 60 ದಾಟಿದೆಯೇ, ಸ್ಟೇಜ್ 3 ಅಥವಾ 4 ಇದೆಯೇ, ಎಲ್‌ಡಿಎಚ್ ಮಿತಿ ದಾಟಿದೆಯೇ, ಗ್ರಂಥಿಗಳ ಹೊರಗೆ ಒಂದಕ್ಕಿಂತ ಹೆಚ್ಚು ಕಡೆ ಕಾಯಿಲೆ ಇದೆಯೇ, ರೋಗಿ ಯಾವ ದುಡಿಮೆಯನ್ನೂ ಮಾಡಲಾಗದಷ್ಟು ಸೋತಿದ್ದಾರೆಯೇ. ಹೌದು ಎಂದಲ್ಲಿ ಒಂದೊಂದು ಅಂಕ. ನಿಮ್ಮ ತಂದೆಯವರಿಗೆ ವಯಸ್ಸು, ಸ್ಟೇಜ್, ಎಲ್‌ಡಿಎಚ್ ಸೇರಿ ಮೂರು. ಎಲ್‌ಡಿಎಚ್ ಮಿತಿ ದಾಟಿತೇ ಎಂಬುದಷ್ಟೇ ಇಲ್ಲಿಯ ಪ್ರಶ್ನೆ, ಎಷ್ಟು ದಾಟಿತು ಎಂಬುದು ಅಲ್ಲ.

ಆ ಮೂರು ಅಂಕಕ್ಕೆ ಸಿಗುವ ಉತ್ತರ ಏನು ಗೊತ್ತೇ? 1993ರ ಲೆಕ್ಕದಲ್ಲಿ ಮೂರು ಅಂಕ ಬಂದವರ ಪೈಕಿ ಐದು ವರ್ಷದ ನಂತರ ಬದುಕಿದ್ದವರು ನೂರಕ್ಕೆ 43. ಆಗ ರಿಟುಕ್ಸಿಮ್ಯಾಬ್ ಎಂಬ ಔಷಧಿ ಇರಲಿಲ್ಲ. 2002ರಲ್ಲಿ ಫ್ರಾನ್ಸಿನ ನೇತೃತ್ವದ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಅದರಲ್ಲಿದ್ದವರು 60ರಿಂದ 80 ವರ್ಷದವರು, ಅಂದರೆ ನಿಮ್ಮ ತಂದೆಯವರ ವಯೋಮಾನದವರು. ಹಳೆಯ ನಾಲ್ಕು ಔಷಧಿಗಳ ಕೀಮೊ ಜೊತೆಗೆ ರಿಟುಕ್ಸಿಮ್ಯಾಬ್ ಕೊಟ್ಟಾಗ ಎರಡು ವರ್ಷದ ಹೊತ್ತಿಗೆ ನೂರಕ್ಕೆ 70 ಮಂದಿ ಬದುಕಿದ್ದರು. ಬರೀ ಹಳೆಯ ಕೀಮೊ ಪಡೆದವರಲ್ಲಿ 57. ಆಮೇಲೆ ಅಳತೆಗೋಲನ್ನೇ ತಿದ್ದಬೇಕಾಯಿತು. 2007ರ ತಿದ್ದುಪಡಿಯಲ್ಲಿ ಮೂರರಿಂದ ಐದು ಅಂಕದವರನ್ನೆಲ್ಲ ಒಂದೇ ಗುಂಪಿಗೆ ಹಾಕಿದರು. ನಾಲ್ಕು ವರ್ಷಕ್ಕೆ ಆ ಗುಂಪಿನಲ್ಲಿ ಬದುಕಿದ್ದವರು ನೂರಕ್ಕೆ 55. 2014ರಲ್ಲಿ ಅಮೆರಿಕದ ಕ್ಯಾನ್ಸರ್ ಕೇಂದ್ರಗಳ ರೋಗಿಗಳಿಂದ ಕಟ್ಟಿದ ಇನ್ನೊಂದು ಲೆಕ್ಕ ಬಂತು. ಅದರಲ್ಲಿ ಎಲ್‌ಡಿಎಚ್ ಮೂರು ಪಟ್ಟಿನವರೆಗೆ ಒಂದು ಅಂಕ, ಅದಕ್ಕೂ ಮೀರಿದರೆ ಎರಡು. ವಯಸ್ಸಿಗೂ ಹಂತ ಹಂತವಾಗಿ ಅಂಕ. ನಿಮ್ಮ ತಂದೆಯವರಿಗೆ ವಯಸ್ಸಿಗೆ ಎರಡು, ಎಲ್‌ಡಿಎಚ್‌ಗೆ ಒಂದು, ಸ್ಟೇಜ್‌ಗೆ ಒಂದು, ಒಟ್ಟು ನಾಲ್ಕು. ಆ ಗುಂಪಿನಲ್ಲಿ ಐದು ವರ್ಷಕ್ಕೆ ನೂರಕ್ಕೆ 64 ಮಂದಿ ಬದುಕಿದ್ದರು.

43, 55, 64. ಒಬ್ಬರೇ ಮನುಷ್ಯ, ಅದೇ ರಕ್ತ. ವ್ಯತ್ಯಾಸದ ಒಂದು ಪಾಲು ಲೆಕ್ಕದ ಕ್ರಮದ್ದು, ಒಂದು ಪಾಲು ಯಾವ ಊರಿನ ಯಾವ ರೋಗಿಗಳನ್ನು ಸೇರಿಸಿದರು ಎಂಬುದರದು. ಆದರೆ 43ರಿಂದ ಮೇಲೇರಿದ್ದರ ದೊಡ್ಡ ಪಾಲು ಔಷಧಿಯದು. ನಿಮ್ಮ ಅಣ್ಣನಿಗೆ ಇದನ್ನೇ ಓದಿ ಹೇಳಿ. ರಕ್ತ ತೋರಿಸುವ ಸಂಖ್ಯೆ ಚಿಕಿತ್ಸೆ ಪಡೆದವರ ಸಂಖ್ಯೆ. ಚಿಕಿತ್ಸೆ ಕೊಡಿಸದೆ ಆ ಸಂಖ್ಯೆಯನ್ನು ಮಾತ್ರ ಇಟ್ಟುಕೊಳ್ಳಲು ಬರುವುದಿಲ್ಲ. ಈ ಜಾತಿಯ ಲಿಂಫೋಮಾವನ್ನು ಹಾಗೇ ಬಿಟ್ಟರೆ ಲೆಕ್ಕ ವರ್ಷಗಳದ್ದಲ್ಲ, ಸಾಮಾನ್ಯವಾಗಿ ತಿಂಗಳುಗಳದ್ದು.

ಇನ್ನು ನೂರಕ್ಕೆ 64 ಎಂದರೆ ನಿಮ್ಮ ತಂದೆ 64 ಪಾಲು ಬದುಕುತ್ತಾರೆ ಎಂದಲ್ಲ. ಅವರು ಆ 64ರಲ್ಲಿ ಇರುತ್ತಾರೆ, ಇಲ್ಲವೇ ಉಳಿದ 36ರಲ್ಲಿ. ತಾಲ್ಲೂಕಿನ ವಾಡಿಕೆ ಮಳೆ ಇಷ್ಟು ಎಂದು ಗೊತ್ತಿದ್ದ ಮಾತ್ರಕ್ಕೆ ಈ ವರ್ಷ ನಿಮ್ಮ ತೋಟಕ್ಕೆ ಎಷ್ಟು ಬೀಳುತ್ತದೆ ಎಂದು ಹೇಳಲಾಗುತ್ತದೆಯೇ? ಹಾಗೆಯೇ ಇದು. ‘ಇನ್ನೆಷ್ಟು ದಿನ’ ಎಂಬ ನಿಮ್ಮ ಪ್ರಶ್ನೆಗೆ ದಿನದ ಲೆಕ್ಕದಲ್ಲಿ ಉತ್ತರ ಕೊಡುವವರು ಸಿಕ್ಕರೆ ದಯವಿಟ್ಟು ನಂಬಬೇಡಿ.

ಈಗ ನೀವೇ ಭಾಗಿಸಿ ತೆಗೆದ 9. ಈ ಅನುಪಾತದ ಹಿಂದೆ ನಿಜವಾದ ವಿಚಾರವಿದೆ, ಅದನ್ನು ಸುಳ್ಳೆಂದು ತಳ್ಳಿಹಾಕುವುದಿಲ್ಲ. ದೇಹದಲ್ಲಿ ಉರಿಯೂತ ಹೆಚ್ಚಿದಾಗ ನ್ಯೂಟ್ರೋಫಿಲ್‌ಗಳು ಏರುತ್ತವೆ. ರೋಗದ ವಿರುದ್ಧ ಹೋರಾಡುವ ಲಿಂಫೋಸೈಟ್‌ಗಳು ಕುಗ್ಗಿದರೆ ದೇಹದ ರಕ್ಷಣೆ ಸೊರಗಿದೆ ಎಂದು ಊಹಿಸಬಹುದು. ರಕ್ತದಲ್ಲಿ ಓಡಾಡುವ ಮೋನೋಸೈಟ್ ಎಂಬ ಬಿಳಿ ಕಣಗಳು ಗಡ್ಡೆಯೊಳಗೆ ಹೋಗಿ ಬೇರೆ ರೂಪ ತಾಳಿ ಕೆಲವೊಮ್ಮೆ ಗಡ್ಡೆಗೇ ಆಸರೆಯಾಗುತ್ತವೆ. ಆದ್ದರಿಂದ ಒಂದು ಲಿಂಫೋಸೈಟ್‌ಗೆ ನ್ಯೂಟ್ರೋಫಿಲ್ ಎಷ್ಟು, ಒಂದು ಮೋನೋಸೈಟ್‌ಗೆ ಲಿಂಫೋಸೈಟ್ ಎಷ್ಟು ಎಂಬ ಅನುಪಾತಗಳ ಬಗ್ಗೆ ಹಲವು ದೇಶಗಳಲ್ಲಿ ಅಧ್ಯಯನಗಳಾಗಿವೆ. ಒಟ್ಟಾರೆ ನೋಡಿದರೆ ಮೊದಲನೆಯದು ಹೆಚ್ಚಿದ್ದವರು, ಎರಡನೆಯದು ಕಡಿಮೆ ಇದ್ದವರು ಸ್ವಲ್ಪ ಕೆಟ್ಟ ಫಲಿತಾಂಶ ಕಂಡಿದ್ದಾರೆ. ರಕ್ತಕಣ ಎಣಿಸುವ ಮಾಮೂಲಿ ಸಿಬಿಸಿ ಪರೀಕ್ಷೆಯಲ್ಲೇ ಸಿಗುವ ಸಂಖ್ಯೆಗಳಾದ್ದರಿಂದ, ದುಬಾರಿ ಜೀನ್ ಪರೀಕ್ಷೆ ಕೈಗೆಟುಕದ ಊರುಗಳಲ್ಲಿ ಇವು ಉಪಯೋಗಕ್ಕೆ ಬಂದಾವು ಎಂಬ ಆಸೆ ಸಂಶೋಧಕರಿಗಿದೆ. ನಮ್ಮಂಥ ಜಿಲ್ಲೆಗಳಲ್ಲಿ ಕೆಲಸ ಮಾಡುವ ನನಗೂ ಇದೆ.

ತೊಡಕು ಇರುವುದು ಬೇರೆ ಕಡೆ. ಇವುಗಳಲ್ಲಿ ಬಹುಪಾಲು ಹಳೆಯ ಕಡತ ತೆಗೆದು ಮಾಡಿದ ಅಧ್ಯಯನಗಳು. ಯಾವ ಸಂಖ್ಯೆ ದಾಟಿದರೆ ಕೆಟ್ಟದ್ದು ಎಂಬ ಗೆರೆಯನ್ನು ಒಂದೊಂದು ತಂಡ ಒಂದೊಂದು ಕಡೆ ಎಳೆದಿದೆ, ಎಷ್ಟೋ ಸಲ ತಮ್ಮದೇ ರೋಗಿಗಳ ಫಲಿತಾಂಶ ನೋಡಿಕೊಂಡು ಎಳೆದಿದೆ. ಎಲ್ಲರೂ ಒಪ್ಪಿದ ಗೆರೆ ಇಲ್ಲ. ಈ ಅನುಪಾತ ನೋಡಿ ಔಷಧಿ ಬದಲಿಸಿ ಎಂದು ಹೇಳುವ ಮಾರ್ಗಸೂಚಿಯೂ ಇಲ್ಲ. ಕಿದ್ವಾಯಿಗೇ ಹೋಗಿ, ಟಾಟಾ ಆಸ್ಪತ್ರೆಗೇ ಹೋಗಿ, 9 ಬಂತೆಂದು ಒಂದು ಚಿಕಿತ್ಸೆ, 3 ಬಂತೆಂದು ಇನ್ನೊಂದು ಚಿಕಿತ್ಸೆ ಎಲ್ಲೂ ಕೊಡುವುದಿಲ್ಲ.

ನಿಮ್ಮ ತಂದೆಯವರ ವಿಷಯದಲ್ಲಂತೂ ಆ 9 ಮೊದಲೇ ನಂಬಲಾಗದ ಸಂಖ್ಯೆ. ಅವರು ಆಗ ಪ್ರೆಡ್ನಿಸೊಲೋನ್ ನುಂಗುತ್ತಿದ್ದರು. ಸ್ಟಿರಾಯ್ಡ್ ಹೊಟ್ಟೆಗೆ ಹೋದ ಕೆಲವೇ ಗಂಟೆಗಳಲ್ಲಿ ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ನ್ಯೂಟ್ರೋಫಿಲ್‌ಗಳು ಬಿಟ್ಟುಕೊಂಡು ರಕ್ತಕ್ಕೆ ಬರುತ್ತವೆ, ಲಿಂಫೋಸೈಟ್‌ಗಳು ಇಳಿಯುತ್ತವೆ. ಮೇಲಿನದು ಏರಿ ಕೆಳಗಿನದು ಇಳಿದರೆ ಭಾಗಲಬ್ಧ ಎಲ್ಲಿಗೆ ಹೋಗುತ್ತದೆ ನೀವೇ ನೋಡಿ. ಆ ದಿನದ ರಿಪೋರ್ಟಿನಲ್ಲಿ ನ್ಯೂಟ್ರೋಫಿಲ್ 82, ಲಿಂಫೋಸೈಟ್ 9. ಮಾತ್ರೆ ನಿಲ್ಲಿಸಿ ಎರಡು ವಾರದ ಮೇಲೆ ಬೆಂಗಳೂರಿನಲ್ಲಿ ತೆಗೆದ ರಕ್ತದಲ್ಲಿ 71 ಮತ್ತು 17. ಭಾಗಿಸಿದರೆ 4ರ ಆಸುಪಾಸು. ಕಾಯಿಲೆ ಅರ್ಧ ಇಳಿಯಿತೇ? ಇಲ್ಲ, ಮಾತ್ರೆಯ ಪ್ರಭಾವ ಇಳಿಯಿತು. ಕೆಮ್ಮು, ಹಲ್ಲಿನ ಕೀವು, ಮೂತ್ರದ ಸೋಂಕು ಯಾವುದಿದ್ದರೂ ಇದೇ ಅನುಪಾತ ಒಂದೇ ದಿನದಲ್ಲಿ ಮೇಲೆ ಕೆಳಗೆ ಆಗುತ್ತದೆ.

ಈ ಮಾತ್ರೆಯ ವಿಷಯ ಬಂದದ್ದರಿಂದ ಎಲ್ಲಾ ಓದುಗರಿಗೂ ಒಂದು ಮಾತು. ಕುತ್ತಿಗೆ, ಕಂಕುಳು, ತೊಡೆಸಂದಿನ ಗಂಟು ಕೆಲವು ವಾರ ಕಳೆದರೂ ಇಳಿಯದಿದ್ದರೆ ಬಯಾಪ್ಸಿಗೆ ಮೊದಲು ಸ್ಟಿರಾಯ್ಡ್ ಬೇಡ. ಲಿಂಫೋಮಾ ಸ್ಟಿರಾಯ್ಡ್‌ಗೆ ತಾತ್ಕಾಲಿಕವಾಗಿ ಕರಗುತ್ತದೆ, ಆಗ ತೆಗೆದ ತುಣುಕಿನಲ್ಲಿ ಕಾಯಿಲೆ ಸರಿಯಾಗಿ ಕಾಣದೆ ಹೋಗಬಹುದು. ಹಾಗೆಯೇ ನಮ್ಮ ಕಡೆ ಗಂಟು ಎಂದರೆ ಟಿಬಿ ಎಂದು ಊಹಿಸಿ, ಪರೀಕ್ಷೆ ಇಲ್ಲದೆ ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿಸಿದ ಪ್ರಕರಣಗಳು ಈಗಲೂ ಬರುತ್ತವೆ. ಟಿಬಿ ನಮ್ಮಲ್ಲಿ ಹೆಚ್ಚು, ನಿಜ. ಆದರೂ ಸಾಧ್ಯವಾದರೆ ಇಡೀ ಗ್ರಂಥಿ ತೆಗೆದು, ಆಗದಿದ್ದರೆ ದಪ್ಪ ಸೂಜಿಯಿಂದ ತುಣುಕು ತೆಗೆದು ನೋಡಿಯೇ ತೀರ್ಮಾನಿಸಬೇಕು. ಸಣ್ಣ ಸೂಜಿಯ ಪರೀಕ್ಷೆಯೊಂದನ್ನೇ ನಂಬಿ ಲಿಂಫೋಮಾ ಇದೆ ಅಥವಾ ಇಲ್ಲ ಎನ್ನುವುದು ಅಪಾಯ.

ಅಲ್ಬುಮಿನ್ 3.1ರ ಬಗ್ಗೆ ಅಷ್ಟು ತಲೆಬಿಸಿ ಬೇಡ, ಹಾಗೆಂದು ಕಡೆಗಣಿಸುವುದೂ ಬೇಡ. ಅದು ಕಡಿಮೆಯಾದದ್ದು ಅಪ್ಪಾಜಿ ಸರಿಯಾಗಿ ಉಣ್ಣಲಿಲ್ಲ ಎಂಬ ಒಂದೇ ಕಾರಣಕ್ಕಲ್ಲ. ಲಿಂಫೋಮಾದ ಉರಿಯೂತವೇ ಯಕೃತ್ತಿನಲ್ಲಿ ಅಲ್ಬುಮಿನ್ ತಯಾರಿಕೆಯನ್ನು ತಗ್ಗಿಸುತ್ತದೆ. ಅದಕ್ಕೇ ಡಬ್ಬಿಗಟ್ಟಲೆ ಪ್ರೋಟೀನ್ ಪುಡಿ ಕುಡಿಸಿದರೂ ವಾರದಲ್ಲಿ ಸಂಖ್ಯೆ ಏರುವುದಿಲ್ಲ, ಕೀಮೊಗೆ ಕಾಯಿಲೆ ಬಗ್ಗಿದ ಮೇಲೆ ತಾನಾಗಿ ಏರುತ್ತದೆ. ಅಲ್ಬುಮಿನ್ ಬಾಟಲಿ ಹಾಕಿಸಿ ಎಂದು ಯಾರಾದರೂ ಹೇಳಿದರೆ ಏಕೆ ಎಂದು ಕೇಳಿ. ರಿಪೋರ್ಟ್ ಚೆಂದ ಕಾಣಲಿ ಎಂದು ಹಾಕಿಸುವುದರಿಂದ ಆಯುಷ್ಯ ಬೆಳೆಯುವುದಿಲ್ಲ. ಊಟ ಮಾತ್ರ ಖಂಡಿತ ಮುಖ್ಯ. ಮುದ್ದೆ, ರೊಟ್ಟಿ, ಬೇಳೆ, ಮೊಳಕೆ ಕಾಳಿನ ಬೇಯಿಸಿದ ಪಲ್ಯ, ಹಾಲು, ಮೊಸರು, ತಿನ್ನುವ ಮನೆಯಾದರೆ ಚೆನ್ನಾಗಿ ಬೇಯಿಸಿದ ಮೊಟ್ಟೆ, ಎಲ್ಲವೂ ಆಗಬಹುದು. ತೂಕ ಇಳಿಯದಂತೆ ನೋಡಿಕೊಳ್ಳಿ. ಕೀಮೊ ತಡೆದುಕೊಳ್ಳುವ ಶಕ್ತಿಗೆ ಬೇಕಾದದ್ದು ಅದು.

ಬೀಟ್‌ರೂಟ್ ರಸದಿಂದ ಕೆಡುಕಿಲ್ಲ, ಆದರೆ ಹಿಮೋಗ್ಲೋಬಿನ್ 10.4 ಇರುವುದು ಬೀಟ್‌ರೂಟ್ ಕಡಿಮೆಯಾಗಿ ಅಲ್ಲ. ಅಮೃತಬಳ್ಳಿಯ ಮಾತೇ ಬೇರೆ. ಅದರಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ. ಕೀಮೊದ ಮುಖ್ಯ ಔಷಧಿಗಳು ಯಕೃತ್ತಿನ ಮೂಲಕವೇ ಹೊರಹೋಗುವುದು. ಯಕೃತ್ತು ಕೆಟ್ಟರೆ ಡೋಸ್ ಕಡಿಮೆ ಮಾಡಬೇಕಾಗುತ್ತದೆ, ಇಲ್ಲವೇ ಮುಂದೂಡಬೇಕಾಗುತ್ತದೆ. ನೆಂಟರ ಪ್ರೀತಿ ದೊಡ್ಡದು, ಕಷಾಯವನ್ನು ಮಾತ್ರ ಆರು ತಿಂಗಳು ದೂರವಿಡಿ.

ಲ್ಯಾಬಿನವರ ಮಾರ್ಕರ್ ಪ್ಯಾಕೇಜ್‌ಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅದರಲ್ಲಿರುವ ಸಿಇಎ, ಸಿಎ 19-9, ಸಿಎ 125 ಲಿಂಫೋಮಾ ಚಿಕಿತ್ಸೆಗೆ ದಾರಿ ತೋರಿಸುವವಲ್ಲ.

ಆ ಹಣವನ್ನು ಎಲ್ಲಿ ಖರ್ಚು ಮಾಡಬೇಕು ಎಂದರೆ, ಹೆಪಟೈಟಿಸ್ ಬಿ ಪರೀಕ್ಷೆಗೆ. ನಿಮ್ಮ ಕಡತದಲ್ಲಿ ನನಗೆ ಅದು ಕಾಣಲಿಲ್ಲ. ರಿಟುಕ್ಸಿಮ್ಯಾಬ್ ಕೊಟ್ಟಾಗ ಯಕೃತ್ತಿನಲ್ಲಿ ಸುಮ್ಮನೆ ಮಲಗಿದ್ದ ಹೆಪಟೈಟಿಸ್ ಬಿ ವೈರಸ್ ಎದ್ದುಬಂದು ಪ್ರಾಣಕ್ಕೇ ಎರವಾಗಬಹುದು. ಎಚ್‌ಬಿಎಸ್‌ಎಜಿ ಎಂಬ ಪರೀಕ್ಷೆ ಒಂದೇ ಸಾಲದು, ಕೋರ್ ಆಂಟಿಬಾಡಿ ಪರೀಕ್ಷೆಯೂ ಬೇಕು. ಹಿಂದೆಂದೋ ಬಂದು ಹೋದ ಸೋಂಕನ್ನು ತೋರಿಸುವುದು ಎರಡನೆಯದು. ಪಾಸಿಟಿವ್ ಬಂದರೆ ಕೀಮೊ ಕೈಬಿಡುವುದಿಲ್ಲ, ವೈರಸ್ ತಡೆಯುವ ಮಾತ್ರೆ ಜೊತೆಗೆ ಕೊಡುತ್ತೇವೆ. ಎಚ್‌ಐವಿ, ಹೆಪಟೈಟಿಸ್ ಸಿ ಕೂಡ ನೋಡಬೇಕು. ಹೃದಯದ ಎಕೋ ಬೇಕು, ಏಕೆಂದರೆ ಡಾಕ್ಸೊರುಬಿಸಿನ್ ಎಂಬ ಔಷಧಿ ಹೃದಯವನ್ನು ದುರ್ಬಲಗೊಳಿಸಬಹುದು. ಸಕ್ಕರೆ ನೋಡಬೇಕು, ಕೀಮೊದ ಪ್ರತಿ ಸುತ್ತಿನಲ್ಲಿ, ಅಂದರೆ ಪ್ರತಿ ಸೈಕಲ್‌ನಲ್ಲಿ ಐದು ದಿನ ಹೆಚ್ಚು ಡೋಸಿನ ಪ್ರೆಡ್ನಿಸೊಲೋನ್ ಇರುತ್ತದೆ. ಮತ್ತೆ ಯೂರಿಕ್ ಆಸಿಡ್, ಪೊಟ್ಯಾಸಿಯಂ, ಕ್ರಿಯಾಟಿನಿನ್. ಮೊದಲ ಕೀಮೊ ಬಿದ್ದಾಗ ಲಿಂಫೋಮಾ ಜೀವಕೋಶಗಳು ಒಟ್ಟಿಗೆ ಒಡೆದು ಒಳಗಿನ ಲವಣಗಳೆಲ್ಲ ರಕ್ತಕ್ಕೆ ನುಗ್ಗುತ್ತವೆ, ಕಿಡ್ನಿ ಕಂಗೆಡಬಹುದು. ಎಲ್‌ಡಿಎಚ್‌ನ ನಿಜವಾದ ದಿನಬಳಕೆ ನನ್ನ ಮಟ್ಟಿಗೆ ಇಲ್ಲಿದೆ: ಅದು ತೀರಾ ಹೆಚ್ಚಿದ್ದವರಿಗೆ ಈ ಅಪಾಯ ಹೆಚ್ಚು, ಅವರಿಗೆ ಮೊದಲೇ ಡ್ರಿಪ್ ಹಾಕಿ, ಯೂರಿಕ್ ಆಸಿಡ್ ತಗ್ಗಿಸುವ ಅಲೊಪ್ಯೂರಿನಾಲ್ ಕೊಟ್ಟು, ಮೊದಲ ಸೈಕಲ್ ವಾರ್ಡಿನಲ್ಲೇ ಇಟ್ಟು ಕೊಡುತ್ತೇವೆ. ಭವಿಷ್ಯ ಹೇಳುವುದಕ್ಕಿಂತ ನಾಳೆ ಏನು ಎಚ್ಚರ ಬೇಕು ಎಂದು ಹೇಳುವುದರಲ್ಲಿ ರಕ್ತ ಪರೀಕ್ಷೆ ಹೆಚ್ಚು ನಂಬಿಕಸ್ಥ.

ಬಯಾಪ್ಸಿಯಿಂದಲೂ ಇನ್ನಷ್ಟು ಕೇಳುವುದಿದೆ. ಎಂವೈಸಿ, ಬಿಸಿಎಲ್2 ಎಂಬ ಜೀನ್‌ಗಳಲ್ಲಿ ಮುರಿತ ಇದೆಯೇ ಎಂದು ನೋಡಲು ಫಿಶ್ ಎಂಬ ಪರೀಕ್ಷೆ ಇದೆ. ಎರಡೂ ಇದ್ದರೆ ಕಾಯಿಲೆ ಹೆಚ್ಚು ಉಗ್ರ, ಚಿಕಿತ್ಸೆಯನ್ನೇ ಬೇರೆ ಯೋಚಿಸಬೇಕಾಗಬಹುದು. ಚಿಕಿತ್ಸೆಯ ದಾರಿ ಬದಲಿಸುವ ಶಕ್ತಿ ಇರುವುದು ಇಂಥ ಪರೀಕ್ಷೆಗೆ, ನಿಮ್ಮ ಭಾಗಾಕಾರಕ್ಕಲ್ಲ. ಬಯಾಪ್ಸಿಯ ಮೇಣದ ಬ್ಲಾಕ್ ದಾವಣಗೆರೆಯ ಲ್ಯಾಬಿನಲ್ಲೇ ಇರುತ್ತದೆ, ಕೇಳಿ ಪಡೆದು ಬೆಂಗಳೂರಿಗೆ ಕಳಿಸಬಹುದು. ಮತ್ತೆ ಕೊಯ್ಯಿಸಬೇಕಿಲ್ಲ.

ನಡುವೆ ಇನ್ನೊಂದು ಎಚ್ಚರಿಕೆ, ಇದನ್ನು ಓದುವ ಬೇರೆ ಮನೆಯವರಿಗೆ. ಲಿಂಫೋಮಾದಲ್ಲಿ ಹಲವಾರು ಜಾತಿಗಳಿವೆ, ಒಂದರ ಅಳತೆಗೋಲು ಇನ್ನೊಂದಕ್ಕೆ ನಡೆಯುವುದಿಲ್ಲ. ಮುಂದುವರಿದ ಹಾಡ್ಜ್‌ಕಿನ್ ಲಿಂಫೋಮಾಕ್ಕೆ 1998ರಲ್ಲಿ ಬಂದ ಏಳು ಅಂಶಗಳ ಲೆಕ್ಕದಲ್ಲಿ ಅಲ್ಬುಮಿನ್ 4ಕ್ಕಿಂತ ಕಡಿಮೆ, ಹಿಮೋಗ್ಲೋಬಿನ್ 10.5ಕ್ಕಿಂತ ಕಡಿಮೆ, ಬಿಳಿ ಕಣ 15,000 ಮುಟ್ಟುವುದು, ಲಿಂಫೋಸೈಟ್ ತೀರಾ ಇಳಿಯುವುದು, ಇವೆಲ್ಲ ಅಧಿಕೃತವಾಗಿ ಸೇರಿವೆ. ನಿಧಾನಗತಿಯ ಫಾಲಿಕ್ಯುಲರ್ ಲಿಂಫೋಮಾದಲ್ಲಿ ಹಿಮೋಗ್ಲೋಬಿನ್ 12ರ ಗೆರೆ ಇದೆ. ನಿಮ್ಮ ತಂದೆಯವರ ಜಾತಿಗೆ ಇವು ಅನ್ವಯಿಸುವುದಿಲ್ಲ. ನೆಟ್‌ನಲ್ಲಿ ಓದುವವರು ಎಡವುವುದು ಹೆಚ್ಚಾಗಿ ಇಲ್ಲೇ.

ಹಾಗಾದರೆ ಮುಂದೇನು? ನನ್ನ ಅಭಿಪ್ರಾಯ ಸ್ಪಷ್ಟ. 64ರ ವಯಸ್ಸಿನಲ್ಲಿ ನಡೆದಾಡುವ, ತೋಟಕ್ಕೆ ಹೋಗಿಬರುವ ಮನುಷ್ಯನಿಗೆ, ಹೃದಯ ಸರಿಯಿದ್ದರೆ, ಪೂರ್ಣ ಡೋಸಿನ ಆರ್-ಚಾಪ್ ಚಿಕಿತ್ಸೆಯನ್ನೇ, ಅಂದರೆ ಆ ಹಳೆಯ ನಾಲ್ಕು ಔಷಧಿಗಳ ಜೊತೆ ರಿಟುಕ್ಸಿಮ್ಯಾಬ್ ಸೇರಿಸಿದ ಕೀಮೊವನ್ನೇ, ಮೊದಲು ಯೋಚಿಸಬೇಕು. ಮೂರು ವಾರಕ್ಕೊಮ್ಮೆ, ಸಾಮಾನ್ಯವಾಗಿ ಆರು ಸಲ. ಇದರ ಕಷ್ಟವನ್ನು ಮುಚ್ಚಿಡುವುದಿಲ್ಲ. ಕೂದಲು ಉದುರುತ್ತದೆ, ಬಾಯಿ ಹುಣ್ಣಾಗಬಹುದು, ಅದರಲ್ಲಿರುವ ವಿನ್‌ಕ್ರಿಸ್ಟಿನ್‌ನಿಂದ ಮಲಬದ್ಧತೆ ಮತ್ತು ಬೆರಳ ತುದಿಯಲ್ಲಿ ಜೋಮು. ಕೀಮೊ ದಿನ ಮೂತ್ರ ಕೆಂಪಾಗುತ್ತದೆ, ಅದು ರಕ್ತವಲ್ಲ, ಔಷಧಿಯ ಬಣ್ಣ. ದೊಡ್ಡ ಅಪಾಯ ಸೋಂಕಿನದು. ಹಿರಿಯರಲ್ಲಿ ಮೊದಲ ಸೈಕಲ್‌ನಲ್ಲಿ ಈ ಅಪಾಯ ಹೆಚ್ಚು, ಅದಕ್ಕೇ ಸುಸ್ತಾದವರಿಗೆ ಮೊದಲು ಕೆಲವು ದಿನ ಬರೀ ಸ್ಟಿರಾಯ್ಡ್ ಕೊಟ್ಟು ದೇಹವನ್ನು ಸಜ್ಜು ಮಾಡಿ ಆಮೇಲೆ ಕೀಮೊ ಶುರುಮಾಡುವ ಪದ್ಧತಿ ಇದೆ. ನಿಮ್ಮ ಡಾಕ್ಟರನ್ನು ಕೇಳಿ.

ಹೃದಯ ದುರ್ಬಲವಿದ್ದರೆ ಡಾಕ್ಸೊರುಬಿಸಿನ್ ಬಿಟ್ಟು ಬೇರೆ ಜೋಡಣೆ ಮಾಡುತ್ತೇವೆ. 80 ದಾಟಿದವರಿಗೆ ಡೋಸ್ ತಗ್ಗಿಸಿ ಕೊಡುವ ಕ್ರಮವೂ ಇದೆ. ಅದರಲ್ಲಿ ತೊಂದರೆ ಕಡಿಮೆ, ಗುಣವಾಗುವ ಸಾಧ್ಯತೆಯೂ ಸ್ವಲ್ಪ ಕಡಿಮೆ. ತಡೆದುಕೊಳ್ಳಬಲ್ಲವರಿಗೆ ಬರೀ ಭಯದಿಂದ ಡೋಸ್ ಕಡಿಮೆ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ಚಿಕಿತ್ಸೆಯೇ ಬೇಡ, ನೋವು ಉಪಶಮನ ಸಾಕು ಎನ್ನುವುದೂ ಒಂದು ದಾರಿಯೇ. ಹಾಸಿಗೆ ಹಿಡಿದು ಬೇರೆ ಅಂಗಗಳೂ ಸೋತವರಿಗೆ ಅದು ಕರುಣೆಯ ದಾರಿ. ನಿಮ್ಮ ತಂದೆ ಆ ಸ್ಥಿತಿಯಲ್ಲಿಲ್ಲ. ಮತ್ತು ಆ ತೀರ್ಮಾನ ಅಣ್ಣನದ್ದೂ ಅಲ್ಲ, ನಿಮ್ಮದೂ ಅಲ್ಲ, ಅಪ್ಪಾಜಿಯದ್ದು. ಅವರಿಗೆ ಕಾಯಿಲೆಯ ಹೆಸರಾದರೂ ಹೇಳಿದ್ದೀರಾ? ಪತ್ರದಲ್ಲಿ ಆ ಮಾತೇ ಇಲ್ಲ. ನಮ್ಮ ಕಡೆ ರೋಗಿಗೆ ‘ಗಡ್ಡೆ ಅಷ್ಟೇ’ ಎಂದು ಹೇಳಿ ಮಕ್ಕಳು ಬಾಗಿಲ ಹೊರಗೆ ನಿಂತು ತೀರ್ಮಾನ ಮಾಡುತ್ತಾರೆ. ಹೊಲ ತೋಟ ಕಟ್ಟಿ ಬೆಳೆಸಿದ ಮನುಷ್ಯನಿಗೆ ಗುಣವಾಗಬಹುದು, ಆರು ತಿಂಗಳು ಕಷ್ಟವಿದೆ ಎಂದು ಹೇಳಿದರೆ ಅರ್ಥವಾಗುತ್ತದೆ. ಹೇಳಿದ ಮೇಲೆ ಬಹಳಷ್ಟು ಹಿರಿಯರು ‘ಹಂಗಾದ್ರೆ ಶುರು ಮಾಡ್ರಿ’ ಎನ್ನುವುದನ್ನೇ ನಾನು ಕೇಳಿರುವುದು.

ಎರಡನೇ ಅಭಿಪ್ರಾಯ ಕೇಳಬೇಕೆನಿಸಿದರೆ ಖಂಡಿತ ಕೇಳಿ, ಒಂದೆರಡು ವಾರದೊಳಗೆ ಮುಗಿಸಿ. ಉಸಿರಾಟಕ್ಕೆ ತೊಂದರೆ, ಮುಖ ಊದುವುದು, ಮೂತ್ರ ಕಡಿಮೆಯಾಗುವುದು ಕಂಡರೆ ಅಷ್ಟೂ ಕಾಯಬೇಡಿ.

ಹಣದ ಮಾತು. ತೋಟ ಅಡ ಇಡುವ ಮೊದಲು ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರರ ಕೌಂಟರಿಗೆ ಹೋಗಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ನೂರಕ್ಕೆ 30 ಭಾಗ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳುವುದುಂಟು, ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿ. ರಿಟುಕ್ಸಿಮ್ಯಾಬ್ ಒಂದು ಕಾಲಕ್ಕೆ ನಮ್ಮವರ ಕೈಗೆ ಎಟುಕದ ಔಷಧಿಯಾಗಿತ್ತು. 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ ಇಲ್ಲೇ ತಯಾರಿಸಿ ಮಾರುಕಟ್ಟೆಗೆ ತಂದ ಮೇಲೆ, ಆಮೇಲೆ ಬೇರೆ ಕಂಪನಿಗಳೂ ಬಂದ ಮೇಲೆ ಬೆಲೆ ಇಳಿದಿದೆ. ಯೋಜನೆಯಡಿ ಯಾವ ಔಷಧಿ ಎಷ್ಟು ಸಲ ಸಿಗುತ್ತದೆ ಎಂದು ಮೊದಲ ಕೀಮೊಗೆ ಮುಂಚೆಯೇ ಬರೆಸಿಕೊಳ್ಳಿ. ಎರಡು ಸೈಕಲ್ ಆಗಿ ಗಂಟು ಕರಗಿತು, ಅಡಿಕೆ ಕೊಯ್ಲು ಬಂತು, ಕೈಯಲ್ಲಿ ದುಡ್ಡಿಲ್ಲ ಎಂದು ನಿಲ್ಲಿಸಿಬಿಡುವುದು ನಾನು ಕಂಡ ಅತಿ ದೊಡ್ಡ ನಷ್ಟ. ಯಾವ ಕೆಟ್ಟ ಎಲ್‌ಡಿಎಚ್‌ಗಿಂತಲೂ ಅದು ಕೆಟ್ಟದ್ದು. ಗಂಟು ಕಾಣದಿರುವುದಕ್ಕೂ ಕಾಯಿಲೆ ಹೋಗಿರುವುದಕ್ಕೂ ಬಹಳ ದೂರ.

ಬೆಂಗಳೂರು ನಿಮಗೆ ಇನ್ನೂರು ಕಿಲೋಮೀಟರ್‌ಗಿಂತ ದೂರ. ಪ್ರತಿ ಸಲ ಅಲ್ಲಿಗೇ ಹೋಗಬೇಕೆಂದಿಲ್ಲ. ಯೋಜನೆ ಅಲ್ಲಿ ನಿರ್ಧಾರವಾಗಿ, ಸೈಕಲ್‌ಗಳು ದಾವಣಗೆರೆಯಲ್ಲೇ ಕ್ಯಾನ್ಸರ್ ತಜ್ಞರ ಕೈಯಲ್ಲಿ ನಡೆಯಬಹುದು. ನಡುವೆ ಒಂದು ಮತ್ತು ಕೊನೆಗೆ ಒಂದು ಪೆಟ್ ಸ್ಕ್ಯಾನ್ ಬೇಕಾಗುತ್ತದೆ. ಅಪ್ಪಾಜಿಯ ಮುಂದಿನ ಹಾದಿ ಹೇಗಿದೆ ಎಂದು ಇವತ್ತಿನ ರಕ್ತಕ್ಕಿಂತ ಆ ಸ್ಕ್ಯಾನ್ ಎಷ್ಟೋ ಚೆನ್ನಾಗಿ ಹೇಳುತ್ತದೆ, ಏಕೆಂದರೆ ಅದು ಅವರ ಕಾಯಿಲೆ ಅವರ ಔಷಧಿಗೆ ಬಗ್ಗಿದೆಯೇ ಎಂದು ತೋರಿಸುತ್ತದೆ. ಈ ಲಿಂಫೋಮಾ ಮರಳುವುದಾದರೆ ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲಿ. ಎರಡು ವರ್ಷ ಏನೂ ಆಗದೆ ದಾಟಿದವರ ಆಯುಷ್ಯ ಅದೇ ವಯಸ್ಸಿನ ಉಳಿದವರ ಆಯುಷ್ಯದ ಹತ್ತಿರ ಹತ್ತಿರ ಬರುತ್ತದೆ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದ್ದರಿಂದ ಕೀಮೊ ಶುರುವಾದ ಮೇಲೆ ವಾರವಾರ ಅನುಪಾತ ಲೆಕ್ಕ ಹಾಕಬೇಡಿ. ಕೀಮೊ, ಸ್ಟಿರಾಯ್ಡ್, ಬಿಳಿ ಕಣದ ಇಂಜೆಕ್ಷನ್ ಮೂರೂ ಸೇರಿ ಆ ಸಂಖ್ಯೆಗೆ ಅರ್ಥವೇ ಉಳಿದಿರುವುದಿಲ್ಲ.

ಲೆಕ್ಕದ ಪುಸ್ತಕ ಇಡುವುದಾದರೆ ತೂಕ, ಜ್ವರ, ಕೀಮೊ ದಿನಾಂಕ ಬರೆಯಿರಿ. ಮನೆಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ಇರಲಿ. ಕೀಮೊ ಆದ ಏಳರಿಂದ ಹದಿನಾಲ್ಕನೇ ದಿನದ ನಡುವೆ ಬಿಳಿ ಕಣ ತೀರಾ ಇಳಿದಿರುತ್ತದೆ. ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಿನವರೆಗೆ ಕಾಯಬೇಡಿ, ರಾತ್ರಿ ಎರಡು ಗಂಟೆಯಾದರೂ ಗಾಡಿ ಮಾಡಿಕೊಂಡು ದಾವಣಗೆರೆಯ ದೊಡ್ಡಾಸ್ಪತ್ರೆಗೆ ಬನ್ನಿ. ಕ್ಯಾಶುವಲ್ಟಿಯಲ್ಲಿ ‘ಕೀಮೊ ಆಗಿ ಇಷ್ಟು ದಿನ ಆಯ್ತು, ಜ್ವರ ಬಂದಿದೆ’ ಎಂಬುದನ್ನು ಎಲ್ಲಕ್ಕಿಂತ ಮೊದಲು ಹೇಳಿ. ಆಂಟಿಬಯಾಟಿಕ್ ಒಂದು ಗಂಟೆಯೊಳಗೆ ನರಕ್ಕೆ ಹೋಗಬೇಕು.